ಕೆಟ್ಟ ವೆಬ್ ಸರ್ವರನ್ನು ಮೊದಲಿನ ಸೆಟ್ಟಿಂಗಿಗೆ ತರುವುದು ಹೇಗೆ?

ಅಕ್ಟೋಬರ್ ಕೊನೆಯ ಶನಿವಾರ. ಹನುಮಂತನಗರದ ನಮ್ಮ ಓದುಗರ ಬಳಗದಲ್ಲಿ ರಾಜ್ಯೋತ್ಸವದ ತಯಾರಿ ನಡೆದಿತ್ತು. ಸಂಜೆ ಜೋರು ಮಳೆ ಬಂತು, ಕರೆಂಟ್ ಹೋಯಿತು. ಅರ್ಧ ಗಂಟೆಯಲ್ಲಿ ಕರೆಂಟ್ ವಾಪಸ್ ಬಂತು. ಬಳಗದ ವೆಬ್‌ಸೈಟ್ ಮಾತ್ರ ಬರಲಿಲ್ಲ. ಬಳಗದ ಕೋಣೆಯಲ್ಲಿರುವ ಹಳೆಯ ಕಂಪ್ಯೂಟರೇ ಅದರ ಸರ್ವರ್. ಕಂಪ್ಯೂಟರ್ ಆನ್ ಆಗಿತ್ತು, ಇಂಟರ್ನೆಟ್ಟೂ ಇತ್ತು. ಆದರೂ ಹೆಸರು ಕೊಡಲು ಸೈಟ್ ತೆರೆದವರಿಗೆಲ್ಲ ಖಾಲಿ ಪುಟ, ಅದರಲ್ಲಿ ಒಂದು ಸಾಲಿನ ತಪ್ಪಿನ ಸೂಚನೆ.

ವರ್ಷಗಟ್ಟಲೆ ಹಾಕಿಟ್ಟ ಲೇಖನಗಳೆಲ್ಲ ಹೋದವೇನೋ ಎಂದು ಎಲ್ಲರಿಗೂ ಗಾಬರಿ. ಒಂದೂ ಹೋಗಿರಲಿಲ್ಲ. ಆಗಿದ್ದು ಇಷ್ಟು. ಬುಧವಾರ ಬಳಗದ ಹುಡುಗನೊಬ್ಬ ಕಾರ್ಯಕ್ರಮಕ್ಕೆ ಬೇರೆ ಪುಟ ಮಾಡೋಣ ಎಂದು, ಒಂದು ವಿಡಿಯೊ ನೋಡಿಕೊಂಡು ಸರ್ವರ್‌ನ ಸೆಟ್ಟಿಂಗ್ ಬದಲಿಸಿದ್ದ. ಮನಸ್ಸು ಒಳ್ಳೆಯದೇ. ನಾಲ್ಕಾರು ಸಾಲು ಸೇರಿಸಿದ, ಕೆಲವು ಸಾಲು ತೆಗೆದ, ಬೇಡ ಅನಿಸಿದ ಒಂದು ಫೈಲನ್ನು ಅಳಿಸಿದ. ಅವತ್ತು ಸೈಟ್ ಚೆನ್ನಾಗಿಯೇ ನಡೆಯಿತು. ಮೂರು ದಿನ ಬಿಟ್ಟು ಕೈಕೊಟ್ಟಿತು.

ಅಪಾರ್ಟ್‌ಮೆಂಟ್ ಸಂಘ, ಸಣ್ಣ ಶಾಲೆ, ಪುಸ್ತಕದಂಗಡಿ, ನಾಟಕದ ತಂಡ, ಹೀಗೆ ಬೆಂಗಳೂರಿನಲ್ಲಿ ಸ್ವಂತ ಸರ್ವರ್ ಇಟ್ಟುಕೊಂಡವರು ಬೇಕಾದಷ್ಟು ಇದ್ದಾರೆ. ಅದನ್ನು ನೋಡಿಕೊಳ್ಳುವವರು ಸಾಫ್ಟ್‌ವೇರ್ ಕೆಲಸದವರೇ ಆಗಿರಬೇಕು ಅಂತೇನಿಲ್ಲ. ‘ನಿಂಗೆ ಕಂಪ್ಯೂಟರ್ ಗೊತ್ತಲ್ವಾ’ ಎಂದು ಯಾರೋ ಒಬ್ಬರ ತಲೆಗೆ ಕಟ್ಟಿರುತ್ತಾರೆ. ಸೈಟ್ ಬಿದ್ದ ರಾತ್ರಿ ಅವರಿಗೆ ಬೇಕಾಗುವಷ್ಟನ್ನು ಮೊದಲಿನಿಂದ ಹೇಳುತ್ತೇನೆ.

ದರ್ಶಿನಿಯ ಕೌಂಟರ್

ದರ್ಶಿನಿಯಲ್ಲಿ ನೀವು ಬಿಲ್ ಚೀಟಿ ಕೊಡುತ್ತೀರಿ. ಕೌಂಟರಿನವರು ಚೀಟಿ ಓದುತ್ತಾರೆ, ಒಳಗಿಂದ ಇಡ್ಲಿ ವಡೆ ತಂದು ಮುಂದಿಡುತ್ತಾರೆ. ವೆಬ್ ಸರ್ವರ್ ಮಾಡುವುದೂ ಇದನ್ನೇ. ನಿಮ್ಮ ಬ್ರೌಸರ್ ‘ಈ ಪುಟ ಕೊಡು’ ಎಂದು ಚೀಟಿ ಕಳಿಸುತ್ತದೆ. ಸರ್ವರ್ ಆ ಪುಟವನ್ನು ಹುಡುಕಿ ಕಳಿಸುತ್ತದೆ. ಇದಕ್ಕೆ ಜಾಸ್ತಿ ಬಳಕೆಯಲ್ಲಿರುವ ತಂತ್ರಾಂಶಗಳು ಎರಡು. 1995ರಲ್ಲಿ ಬಂದ ಅಪಾಚೆ, 2004ರಲ್ಲಿ ಬಂದ ಎಂಜಿನ್‌ಎಕ್ಸ್. ಎರಡೂ ಉಚಿತ.

ಕಾಫಿಗೆ ಒಂದು ಕೌಂಟರ್, ದೋಸೆಗೆ ಇನ್ನೊಂದು ಇರುವ ಹಾಗೆ ಕಂಪ್ಯೂಟರಿಗೂ ನಂಬರ್ ಹಾಕಿದ ಕೌಂಟರುಗಳಿವೆ. ಅವಕ್ಕೆ ಪೋರ್ಟ್ ಎನ್ನುತ್ತಾರೆ. ಸಾಮಾನ್ಯ ವೆಬ್ ಪುಟಗಳಿಗೆ 80, ಬೀಗದ ಗುರುತಿನ ಸುರಕ್ಷಿತ ಪುಟಗಳಿಗೆ 443.

ಇನ್ನು ಸೆಟ್ಟಿಂಗ್, ಅಂದರೆ ಕಾನ್ಫಿಗರೇಶನ್. ಕೌಂಟರಿನ ಒಳಗೋಡೆಗೆ ಮಾಲೀಕರು ಅಂಟಿಸಿದ ಸೂಚನೆಯ ಹಾಳೆ ಎಂದುಕೊಳ್ಳಿ. ಯಾವ ಕೌಂಟರಿನಲ್ಲಿ ನಿಲ್ಲಬೇಕು, ತಿಂಡಿ ಯಾವ ಕಪಾಟಿನಲ್ಲಿದೆ, ಯಾರನ್ನು ಒಳಗೆ ಬಿಡಬಾರದು, ಎಲ್ಲ ಅದರಲ್ಲಿರುತ್ತದೆ. ಮನುಷ್ಯರಾದರೆ ಕಾಗುಣಿತ ತಪ್ಪಿದ್ದರೂ ಅಂದಾಜು ಮಾಡಿಕೊಳ್ಳುತ್ತಾರೆ. ಸರ್ವರ್ ಹಾಗಲ್ಲ. ಒಂದೇ ಒಂದು ಸಾಲು ಅರ್ಥವಾಗದಿದ್ದರೂ ಅಂಗಡಿಯನ್ನೇ ತೆರೆಯುವುದಿಲ್ಲ.

ಹಿಟ್ಟು, ಚಟ್ನಿ, ಸಾಂಬಾರ್ ಇರುವುದು ಅಡುಗೆಮನೆಯಲ್ಲಿ, ಸೂಚನೆಯ ಹಾಳೆ ಇರುವುದು ಗೋಡೆಯಲ್ಲಿ. ನಿಮ್ಮ ಲೇಖನ, ಫೋಟೊ, ಡೇಟಾಬೇಸ್ ಒಂದು ಕಡೆ. ಸೆಟ್ಟಿಂಗ್ ಇನ್ನೊಂದು ಕಡೆ. ಹಾಳೆ ಹರಿದರೆ ಹಿಟ್ಟು ಹುಳಿಯುವುದಿಲ್ಲ. ಗಾಬರಿಯಲ್ಲಿ ಮೊದಲು ಮರೆತುಹೋಗುವುದು ಇದೇ.

ಬುಧವಾರದ ತಪ್ಪು ಶನಿವಾರ ಕಂಡಿದ್ದು ಯಾಕೆ?

ಸರ್ವರ್ ಸೂಚನೆಯ ಹಾಳೆಯನ್ನು ಅಂಗಡಿ ತೆರೆಯುವಾಗ ಒಮ್ಮೆ ಓದುತ್ತದೆ. ಆಮೇಲೆ ನೆನಪಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತದೆ. ನಡುವೆ ನೀವು ಹಾಳೆಯನ್ನು ಬದಲಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಬುಧವಾರ ಹುಡುಗ ಫೈಲ್ ಸೇವ್ ಮಾಡಿದ, ಸೈಟ್ ನೋಡಿದ, ಸರಿಯಾಗಿದೆ ಎಂದುಕೊಂಡ. ಸರ್ವರ್ ಆಗಲೂ ಹಳೆಯ ಸೂಚನೆಯಲ್ಲೇ ನಡೆಯುತ್ತಿತ್ತು. ಶನಿವಾರ ಕರೆಂಟ್ ಹೋಗಿ ಬಂದಾಗ ಮೊದಲ ಸಲ ಹೊಸ ಹಾಳೆ ಓದಿತು, ಅಲ್ಲೇ ನಿಂತಿತು.

ಹೊಸ ಸೆಟ್ಟಿಂಗನ್ನು ಸರ್ವರ್‌ಗೆ ಓದಿಸಲು ಎರಡು ದಾರಿ ಇವೆ. ರೀಸ್ಟಾರ್ಟ್ ಅಂದರೆ ಅಂಗಡಿ ಮುಚ್ಚಿ ಮತ್ತೆ ತೆರೆಯುವುದು. ರೀಲೋಡ್ ಅಂದರೆ ಅಂಗಡಿ ತೆರೆದಿರುವಾಗಲೇ ಹೊಸ ಹಾಳೆ ಓದಿಸುವುದು. ಹಾಳೆಯಲ್ಲಿ ಬರವಣಿಗೆಯ ತಪ್ಪಿದ್ದರೆ ರೀಲೋಡ್ ಆಗುವುದಿಲ್ಲ. ತಪ್ಪನ್ನು ತೋರಿಸಿ, ಹಳೆಯ ಸೂಚನೆಯಲ್ಲೇ ಮುಂದುವರಿಯುತ್ತದೆ. ಅದಕ್ಕೇ ಮೊದಲು ರೀಲೋಡ್ ಮಾಡುವುದು ಕ್ಷೇಮ.

ಡೀಫಾಲ್ಟ್ ಅಂದರೇನು?

ತಂತ್ರಾಂಶ ಹಾಕಿದ ದಿನ ಅದರ ಜೊತೆ ಬಂದ ಸೆಟ್ಟಿಂಗೇ ಡೀಫಾಲ್ಟ್. ಅಂಗಡಿ ತೆರೆದ ದಿನ ಅಂಟಿಸಿದ ಮೊದಲ ಹಾಳೆ. ವಿಂಡೋಸ್ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಬಗೆಗಳಾದ ಉಬುಂಟು, ಡೆಬಿಯನ್‌ನಲ್ಲಿ ಅಪಾಚೆಯ ಸೆಟ್ಟಿಂಗ್ ಎಲ್ಲ ‘ಇಟಿಸಿ’ ಫೋಲ್ಡರಿನೊಳಗೆ ‘ಅಪಾಚೆ2’ ಎಂಬ ಫೋಲ್ಡರಿನಲ್ಲಿರುತ್ತದೆ. ಅಲ್ಲಿ ಒಂದು ಮುಖ್ಯ ಫೈಲ್, ಪೋರ್ಟ್ ನಂಬರಿಗೆ ‘ಪೋರ್ಟ್ಸ್ ಡಾಟ್ ಕಾನ್ಫ್’ ಎಂಬ ಸಣ್ಣ ಫೈಲ್, ಜೊತೆಗೆ ‘ಸೈಟ್ಸ್-ಅವೇಲಬಲ್’, ‘ಸೈಟ್ಸ್-ಎನೇಬಲ್ಡ್’ ಎಂಬ ಎರಡು ಫೋಲ್ಡರ್ ಕಾಣುತ್ತವೆ. ಮೊದಲನೆಯದರಲ್ಲಿ ಬರೆದಿಟ್ಟ ಎಲ್ಲ ಸೈಟುಗಳ ಹಾಳೆಗಳು. ಎರಡನೆಯದರಲ್ಲಿ ಈಗ ಚಾಲೂ ಇರುವವುಗಳಿಗೆ ಕೊಂಡಿ ಮಾತ್ರ. ಪುಟಗಳನ್ನು ಇಡುವ ಜಾಗ ‘ವಾರ್’ ಫೋಲ್ಡರಿನೊಳಗಿನ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’, ಅದರೊಳಗೆ ‘ಎಚ್‌ಟಿಎಂಎಲ್’. ನೋಡಿ, ಅಡುಗೆಮನೆ ಬೇರೆ, ಗೋಡೆ ಬೇರೆ.

ಡೀಫಾಲ್ಟಿಗೆ ಮರಳಿದರೆ ನಿಮ್ಮ ಸೈಟ್ ಕಾಣುತ್ತದೆ ಎಂದಲ್ಲ. ‘ಇಟ್ ವರ್ಕ್ಸ್’ ಎನ್ನುವ ಅಪಾಚೆಯ ಸ್ವಾಗತ ಪುಟ ಕಾಣಬಹುದು. ಅದು ಒಳ್ಳೆಯ ಸುದ್ದಿ. ದಾರಿ ತಪ್ಪಿದವರು ಗೊತ್ತಿರುವ ಒಂದು ಸರ್ಕಲ್‌ಗೆ ಬಂದು ನಿಂತ ಹಾಗೆ. ಮನೆ ಇನ್ನೂ ಬಂದಿಲ್ಲ, ಇಲ್ಲಿಂದ ದಾರಿ ಮಾತ್ರ ಗೊತ್ತು.

ನಿಜವಾಗಿ ಕೆಟ್ಟಿರುವುದು ಸೆಟ್ಟಿಂಗೇನಾ?

ಎಲ್ಲ ಅಳಿಸುವ ಮೊದಲು ಬ್ರೌಸರ್ ಏನು ಹೇಳುತ್ತಿದೆ ಓದಿ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಕಂಪ್ಯೂಟರ್ ಸಿಕ್ಕಿತು, ಕೌಂಟರಿನಲ್ಲಿ ಯಾರೂ ಇಲ್ಲ. ನಮಗೆ ಬಂದಿದ್ದು ಇದೇ. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಬರಲಿಲ್ಲ. ಕಂಪ್ಯೂಟರ್ ಆಫ್ ಆಗಿರಬಹುದು, ಇಲ್ಲವೇ ನಡುವೆ ಫೈರ್‌ವಾಲ್, ಅಂದರೆ ಯಾರನ್ನು ಒಳಗೆ ಬಿಡಬೇಕೆಂದು ನೋಡುವ ಕಾವಲು, ತಡೆದಿರಬಹುದು. ಸೈಟ್‌ನ ಹೆಸರೇ ಸಿಗುತ್ತಿಲ್ಲ ಎಂದರೆ ಡೊಮೇನಿನ ತೊಂದರೆ; ಸರ್ವರ್ ಮುಟ್ಟಬೇಡಿ.

ನಂಬರ್ ಕಂಡರೆ ಸರ್ವರ್ ಜೀವಂತ ಇದೆ ಎಂದರ್ಥ. 403 ಎಂದರೆ ಒಳಗೆ ಬಿಡುವುದಿಲ್ಲ. 404 ಎಂದರೆ ಕೇಳಿದ್ದು ಸಿಗಲಿಲ್ಲ. 500 ಎಂದರೆ ಒಳಗೆ ಏನೋ ಮುರಿದಿದೆ. 502 ಎಂದರೆ ಮುಂದಿನ ಕೌಂಟರ್ ಸರಿ ಇದೆ, ಹಿಂದಿನ ಅಡುಗೆಯವರಿಂದ ಸರಿಯಾದ ಉತ್ತರ ಬರುತ್ತಿಲ್ಲ.

ಆಮೇಲೆ ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಸರ್ವರನ್ನೇ ಕೇಳಿ. ಅಪಾಚೆಗೆ ‘ಅಪಾಚೆ2ಸಿಟಿಎಲ್ ಕಾನ್ಫಿಗ್‌ಟೆಸ್ಟ್’, ಎಂಜಿನ್‌ಎಕ್ಸ್‌ಗೆ ಅದರ ಹೆಸರಾದ ಮೇಲೆ ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ‘ಟಿ’. ಟೈಪ್ ಮಾಡುವಾಗ ಇವು ಇಂಗ್ಲಿಷ್ ಅಕ್ಷರದಲ್ಲಿರಬೇಕು. ಎಲ್ಲ ಸರಿ ಇದ್ದರೆ ಅಪಾಚೆ ‘ಸಿಂಟ್ಯಾಕ್ಸ್ ಓಕೆ’ ಎನ್ನುತ್ತದೆ. ಇಲ್ಲದಿದ್ದರೆ ಯಾವ ಫೈಲ್, ಎಷ್ಟನೇ ಸಾಲು ಎಂದು ಹೇಳುತ್ತದೆ. ನಮ್ಮದು ‘ಪೋರ್ಟ್ಸ್ ಡಾಟ್ ಕಾನ್ಫ್ ತೆರೆಯಲು ಆಗುತ್ತಿಲ್ಲ, ಅಂಥ ಫೈಲ್ ಇಲ್ಲ’ ಎಂದಿತು. ಬೇಡ ಅನಿಸಿ ಅಳಿಸಿದ ಫೈಲ್ ಅದೇ. ಯಾವ ಕೌಂಟರಿನಲ್ಲಿ ನಿಲ್ಲಬೇಕು ಎಂದು ಹೇಳುವ ಹಾಳೆಯೇ ಇಲ್ಲ, ಪಾಪ ಸರ್ವರ್ ಎಲ್ಲಿ ನಿಲ್ಲಬೇಕು?

ತಪ್ಪು ಒಂದೇ ಸಾಲಿನಲ್ಲಿದ್ದರೆ ಆ ಸಾಲನ್ನೇ ಸರಿ ಮಾಡಿ, ಡೀಫಾಲ್ಟ್ ತನಕ ಹೋಗಬೇಡಿ. ನಮ್ಮಲ್ಲಿ ಒಂದು ಸರಿ ಮಾಡಿದರೆ ಮುಂದಿನದು ಬಂತು, ಅದು ಆದ ಮೇಲೆ ಮತ್ತೊಂದು. ಮುಖ್ಯ ಫೈಲಿನಲ್ಲಿ ಏನೇನು ಹೋಗಿದೆ ಎಂದು ಹುಡುಗನಿಗೂ ನೆನಪಿರಲಿಲ್ಲ. ಡೀಫಾಲ್ಟ್ ಬೇಕಾಗುವುದು ಇಂಥ ಹೊತ್ತಿನಲ್ಲಿ.

ಮೊದಲು ನಕಲು

ಸೆಟ್ಟಿಂಗ್ ಫೋಲ್ಡರನ್ನು ಪೂರ್ತಿಯಾಗಿ, ಕೆಟ್ಟಿರುವ ಸ್ಥಿತಿಯಲ್ಲೇ, ಬೇರೆ ಕಡೆ ನಕಲು ಮಾಡಿ. ಕೆಟ್ಟಿದ್ದನ್ನು ಯಾಕೆ ಇಟ್ಟುಕೊಳ್ಳಬೇಕು ಅನ್ನಿಸಬಹುದು. ಅದರಲ್ಲಿ ನಿಮ್ಮ ಸೈಟ್‌ನ ಹೆಸರು, ಫೋಲ್ಡರಿನ ದಾರಿ, ಬೀಗದ ಗುರುತಿಗೆ ಬೇಕಾದ ಪ್ರಮಾಣಪತ್ರದ ವಿಳಾಸ ಎಲ್ಲ ಇದೆ. ಕೆಟ್ಟಿರುವುದು ಹತ್ತು ಸಾಲು, ಬೇಕಾಗಿರುವುದು ನೂರು. ಪುಟಗಳ ಫೋಲ್ಡರನ್ನೂ ನಕಲು ಮಾಡಿ. ಡೇಟಾಬೇಸ್ ಇದ್ದರೆ ಅದನ್ನು ಬೇರೆಯಾಗಿ ತೆಗೆದಿಡಿ, ಯಾಕೆಂದರೆ ಅದು ಪುಟಗಳ ಜೊತೆ ಇರುವುದಿಲ್ಲ. ನಕಲು ಅದೇ ಕಂಪ್ಯೂಟರಿನಲ್ಲಿ ಮಾತ್ರ ಉಳಿಯದೆ ಒಂದು ಪೆನ್‌ಡ್ರೈವಿಗೂ ಹೋಗಲಿ.

ಅಳಿಸಿ ಮತ್ತೆ ಹಾಕಿದರೂ ಸರಿಹೋಗದಿರುವುದು ಯಾಕೆ?

ಎಲ್ಲರೂ ಎಡವುವ ಜಾಗ ಇದು. ನಮ್ಮ ಹುಡುಗನೂ ನಾವು ಬರುವ ಮೊದಲೇ ಅಪಾಚೆಯನ್ನು ತೆಗೆದು ಮತ್ತೆ ಹಾಕಿದ್ದ. ಎರಡು ಸಲ. ಅದೇ ತಪ್ಪು, ಅದೇ ಸಾಲು.

ತಂತ್ರಾಂಶವನ್ನು ಬೇರೆ, ಸೆಟ್ಟಿಂಗ್ ಫೈಲನ್ನು ಬೇರೆ ಎಂದು ಉಬುಂಟು ನೋಡುತ್ತದೆ. ಅಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಆದೇಶ ‘ಆಪ್ಟ್’. ‘ಆಪ್ಟ್ ರಿಮೂವ್’ ಎಂದರೆ ಅಡುಗೆಯವರನ್ನು ಕಳಿಸುತ್ತದೆ, ಗೋಡೆಯ ಹಾಳೆಯನ್ನು ಹಾಗೇ ಬಿಡುತ್ತದೆ. ಸೆಟ್ಟಿಂಗ್ ನೀವು ಕಷ್ಟಪಟ್ಟು ಬರೆದದ್ದು, ಕೇಳದೆ ತೆಗೆಯಬಾರದು ಎಂಬ ಕಾಳಜಿ ಅದು. ಮತ್ತೆ ಹಾಕಿದಾಗ ಹೊಸ ಅಡುಗೆಯವರು ಬಂದು ಅದೇ ಹಳೆಯ ಹಾಳೆಯನ್ನು ಓದುತ್ತಾರೆ.

ಇದಕ್ಕಿಂತ ತಲೆ ಕೆಡಿಸುವುದು ಇನ್ನೊಂದಿದೆ. ನೀವು ಸೆಟ್ಟಿಂಗ್ ಫೈಲನ್ನು ಕೈಯಾರೆ ಅಳಿಸಿದ್ದರೆ, ಮತ್ತೆ ಹಾಕಿದರೂ ಅದು ಬರುವುದಿಲ್ಲ! ‘ಇವರು ಬೇಕಂತಲೇ ತೆಗೆದಿದ್ದಾರೆ’ ಎಂದು ವ್ಯವಸ್ಥೆ ತಿಳಿದುಕೊಳ್ಳುತ್ತದೆ. ಕೆಲವರು ಇಡೀ ಅಪಾಚೆ2 ಫೋಲ್ಡರನ್ನೇ ಅಳಿಸಿ, ಮತ್ತೆ ಹಾಕಿ, ಫೋಲ್ಡರಿನಲ್ಲಿ ಏನೂ ಇಲ್ಲದ್ದನ್ನು ಕಂಡು ಕೈಚೆಲ್ಲುತ್ತಾರೆ. ಫೋಲ್ಡರ್ ಅಳಿಸುವುದು ಡೀಫಾಲ್ಟಿಗೆ ದಾರಿಯಲ್ಲ.

ಸರಿಯಾದ ದಾರಿ ಎರಡು. ಕಾಣೆಯಾದ ಫೈಲ್‌ಗಳು ಮಾತ್ರ ಬೇಕಿದ್ದರೆ, ಮತ್ತೆ ಹಾಕುವಾಗ ‘ಫೋರ್ಸ್-ಕಾನ್ಫ್‌ಮಿಸ್’ ಎಂಬ ಆಯ್ಕೆ ಕೊಡಬೇಕು. ಇಲ್ಲದಿರುವ ಸೆಟ್ಟಿಂಗ್ ಫೈಲ್‌ಗಳನ್ನು ಪ್ಯಾಕೇಜಿನಿಂದ, ಅಂದರೆ ತಂತ್ರಾಂಶದ ಕಟ್ಟಿನಿಂದ, ತಂದಿಡು ಎಂದು ಅದರ ಅರ್ಥ. ನೀವು ಬದಲಿಸಿದ್ದು ಹಾಗೇ ಇರುತ್ತದೆ. ಎಲ್ಲವೂ ಹೊಸದು ಬೇಕೆಂದರೆ ‘ಆಪ್ಟ್ ಪರ್ಜ್’. ಇದು ಸೆಟ್ಟಿಂಗ್ ಸಮೇತ ತೆಗೆಯುತ್ತದೆ, ನೀವು ಫೈಲ್ ಅಳಿಸಿದ್ದಿರಿ ಎಂಬುದನ್ನೂ ಮರೆತುಬಿಡುತ್ತದೆ. ಆಮೇಲೆ ‘ಆಪ್ಟ್ ಇನ್‌ಸ್ಟಾಲ್’ ಮಾಡಿದರೆ ಮೊದಲ ದಿನದ ಹಾಳೆ ಬರುತ್ತದೆ. ನಾವು ಮಾಡಿದ್ದು ಇದನ್ನೇ. ರಾತ್ರಿ ಒಂಬತ್ತೂವರೆಗೆ ಅಪಾಚೆಯ ಸ್ವಾಗತ ಪುಟ ಕಂಡಾಗ ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಟ್ಟರು.

ಎಂಜಿನ್‌ಎಕ್ಸ್‌ನಲ್ಲಿ ಒಂದು ಸೂಕ್ಷ್ಮ ಇದೆ. ಉಬುಂಟುವಿನಲ್ಲಿ ಅದರ ಸೆಟ್ಟಿಂಗ್ ಫೈಲ್‌ಗಳು ಇರುವುದು ‘ಎಂಜಿನ್‌ಎಕ್ಸ್-ಕಾಮನ್’ ಎಂಬ ಬೇರೆ ಪ್ಯಾಕೇಜಿನಲ್ಲಿ. ಬರೀ ‘ಎಂಜಿನ್‌ಎಕ್ಸ್’ ಪರ್ಜ್ ಮಾಡಿದರೆ ಸೆಟ್ಟಿಂಗ್ ಅಲುಗಾಡುವುದಿಲ್ಲ. ಎರಡನ್ನೂ ಹೆಸರಿಸಬೇಕು. ರೆಡ್ ಹ್ಯಾಟ್ ಬಗೆಯ ಲಿನಕ್ಸ್‌ಗಳಲ್ಲಿ ಅಪಾಚೆಯ ಹೆಸರೇ ‘ಎಚ್‌ಟಿಟಿಪಿಡಿ’. ಅಲ್ಲಿ ತಂತ್ರಾಂಶ ತೆಗೆದಾಗ ನೀವು ಬದಲಿಸಿದ ಫೈಲ್ ‘ಆರ್‌ಪಿಎಂಸೇವ್’ ಎಂಬ ಬಾಲದೊಡನೆ ಉಳಿದಿರುತ್ತದೆ.

ಸರ್ವರ್ ನಿಮ್ಮದಲ್ಲ, ಹೋಸ್ಟಿಂಗ್ ಕಂಪನಿಯಲ್ಲಿ ಜಾಗ ಮಾತ್ರ ಪಡೆದಿದ್ದೀರಿ ಎಂದಾದರೆ ಇವು ಯಾವುವೂ ನಿಮ್ಮ ಕೈಯಲ್ಲಿರುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಕೆಡುವುದು ಪುಟಗಳ ಜೊತೆಗೇ ಇರುವ ಸಣ್ಣ ಸೂಚನೆಯ ಹಾಳೆ, ‘ಡಾಟ್ ಎಚ್‌ಟಿಆ್ಯಕ್ಸೆಸ್’ ಎಂಬ ಫೈಲ್. ಅದರ ಹೆಸರು ಬದಲಿಸಿ ನೋಡಿ, ಸೈಟ್ ಬಂದರೆ ತಪ್ಪು ಅಲ್ಲೇ ಇದೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಆಗಿದ್ದರೆ ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟದಲ್ಲಿ ಏನೂ ಬದಲಿಸದೆ ಸುಮ್ನೆ ಸೇವ್ ಒತ್ತಿ. ಫೋಲ್ಡರಿನಲ್ಲಿ ಬರೆಯಲು ಅನುಮತಿ ಇದ್ದರೆ ಅದೇ ಹೊಸದನ್ನು ಬರೆದುಕೊಳ್ಳುತ್ತದೆ.

ಡೀಫಾಲ್ಟ್ ಬಂತು, ನಮ್ಮ ಸೈಟ್ ಎಲ್ಲಿ?

ಈಗ ಹಳೆಯ ನಕಲಿನಿಂದ ಬೇಕಾದ್ದನ್ನು ಒಂದೊಂದಾಗಿ ತನ್ನಿ. ಇಡೀ ಫೋಲ್ಡರನ್ನು ಒಟ್ಟಿಗೆ ತಂದರೆ ತಪ್ಪೂ ಜೊತೆಗೇ ಬರುತ್ತದೆ. ಮೊದಲು ನಿಮ್ಮ ಸೈಟ್‌ನ ಹಾಳೆಯನ್ನು ಸೈಟ್ಸ್-ಅವೇಲಬಲ್‌ಗೆ ತಂದು ‘ಎ2ಎನ್‌ಸೈಟ್’ ಆದೇಶದಿಂದ ಚಾಲೂ ಮಾಡಿ. ಕಾನ್ಫಿಗ್‌ಟೆಸ್ಟ್, ರೀಲೋಡ್, ಬ್ರೌಸರಿನಲ್ಲಿ ನೋಡಿ. ಸರಿ ಇದ್ದರೆ ಮುಂದಿನದು.

ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ ನಡೆಯುವ ಸೈಟ್ (ವರ್ಡ್‌ಪ್ರೆಸ್ ಕೂಡ ಹಾಗೇ) ಆಗಿದ್ದರೆ ಇಲ್ಲಿ ತುಂಬಾ ಎಚ್ಚರ ಬೇಕು. ಪರ್ಜ್ ಮಾಡಿದ ಮೇಲೆ ಪಿಎಚ್‌ಪಿ ಮಾಡ್ಯೂಲ್, ಅಂದರೆ ಅಪಾಚೆಗೆ ಅದಕ್ಕಾಗಿ ಜೋಡಿಸುವ ಭಾಗ, ಆಫ್ ಆಗಿರಬಹುದು. ಆಗ ಸರ್ವರ್ ಪಿಎಚ್‌ಪಿ ಫೈಲನ್ನು ಓಡಿಸುವ ಬದಲು, ಒಳಗೆ ಬರೆದಿದ್ದನ್ನೇ ಬಂದವರಿಗೆ ಕೊಡುತ್ತದೆ. ಅಡುಗೆ ಕೇಳಿದವರಿಗೆ ಅಡುಗೆಮನೆಯ ಬೀಗದಕೈ ಕೊಟ್ಟ ಹಾಗೆ. ವರ್ಡ್‌ಪ್ರೆಸ್‌ನ ಡೇಟಾಬೇಸ್ ಪಾಸ್‌ವರ್ಡ್ ಇರುವುದು ಇಂಥದೇ ಒಂದು ಫೈಲಿನಲ್ಲಿ. ಆದ್ದರಿಂದ ಪರ್ಜ್ ಮಾಡುವ ಮೊದಲೇ ಸೈಟ್ ಫೋಲ್ಡರನ್ನು ಬೇರೆ ಕಡೆ ಸರಿಸಿ. ಪಿಎಚ್‌ಪಿ ಚಾಲೂ ಆಗಿದೆ ಎಂದು ಖಾತ್ರಿಯಾದ ಮೇಲೆ ವಾಪಸ್ ತನ್ನಿ.

ವರ್ಡ್‌ಪ್ರೆಸ್‌ನವರಿಗೆ ಇನ್ನೊಂದು ಅನುಭವ ಆಗುತ್ತದೆ. ಮುಖಪುಟ ಬರುತ್ತದೆ, ಒಳಗಿನ ಯಾವ ಲೇಖನ ಒತ್ತಿದರೂ 404. ಲೇಖನಗಳು ಎಲ್ಲೂ ಹೋಗಿಲ್ಲ. ಅಪಾಚೆಯ ಡೀಫಾಲ್ಟಿನಲ್ಲಿ ‘ಅಲೌಓವರ್‌ರೈಡ್ ನನ್’ ಎಂದಿರುತ್ತದೆ. ಅಂದರೆ ಡಾಟ್ ಎಚ್‌ಟಿಆ್ಯಕ್ಸೆಸ್ ಫೈಲನ್ನು ಓದಬೇಡ ಎಂದು. ವರ್ಡ್‌ಪ್ರೆಸ್‌ನ ಚಂದದ ವಿಳಾಸಗಳು ಆ ಫೈಲನ್ನೇ ನಂಬಿಕೊಂಡಿವೆ. ನಿಮ್ಮ ಸೈಟ್ ಫೋಲ್ಡರಿಗೆ ಮಾತ್ರ ‘ನನ್’ ಬದಲು ‘ಆಲ್’ ಎಂದು ಮಾಡಿ, ‘ರೀರೈಟ್’ ಮಾಡ್ಯೂಲ್ ಆನ್ ಮಾಡಿದರೆ ಎಲ್ಲ ತೆರೆದುಕೊಳ್ಳುತ್ತವೆ.

ಬೀಗದ ಗುರುತು ಹೋಗಿದ್ದರೆ ಹೊಸ ಪ್ರಮಾಣಪತ್ರಕ್ಕೆ ಓಡಬೇಡಿ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪಡೆದದ್ದು ತನ್ನದೇ ಫೋಲ್ಡರಿನಲ್ಲಿ ಇರುತ್ತದೆ. ಅಪಾಚೆಯನ್ನು ಪರ್ಜ್ ಮಾಡಿದರೂ ಹೋಗುವುದಿಲ್ಲ. ಸೈಟ್‌ನ ಹಾಳೆಯಲ್ಲಿ ಅದರ ದಾರಿ ತೋರಿಸಿ, ‘ಎಸ್‌ಎಸ್‌ಎಲ್’ ಮಾಡ್ಯೂಲ್ ಆನ್ ಮಾಡಿದರೆ ಸಾಕು. ಅದೇ ಹೆಸರುಗಳಿಗೆ ಮತ್ತೆ ಮತ್ತೆ ಕೇಳಿದರೆ ವಾರಕ್ಕೆ 5ರ ಮಿತಿ ಮುಟ್ಟಿ ಕಾಯಬೇಕಾಗುತ್ತದೆ.

ಕನ್ನಡ ಅಕ್ಷರ ಕೆಟ್ಟು ಕಂಡರೆ

ನಮ್ಮ ಸೈಟ್‌ನ ಹಾಳೆಯನ್ನು ವಾಪಸ್ ತಂದೆವು. ಪುಟ ಬಂತು, ಕನ್ನಡ ಬರಲಿಲ್ಲ. ಶೀರ್ಷಿಕೆಯಿಂದ ಕೊನೆಯ ತನಕ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ಗಳು, ಅವುಗಳ ಪಕ್ಕ ಪುಟ್ಟ ಎರಡು, ಪುಟ್ಟ ಮೂರು, ಚುಕ್ಕೆಗಳು. ಲೇಖನಗಳೇ ಹಾಳಾದವು ಎಂದು ಹಿರಿಯರೊಬ್ಬರು ಕುರ್ಚಿಯಲ್ಲಿ ಕುಸಿದು ಕೂತರು.

ಆಗಿದ್ದೇನೆಂದರೆ, ಯೂನಿಕೋಡ್ ಪುಟಗಳಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ ಚಿಹ್ನೆಯನ್ನು ಯುಟಿಎಫ್-8 ಎಂಬ ಪದ್ಧತಿ 3 ಬೈಟ್‌ಗಳಲ್ಲಿ ಬರೆದಿಡುತ್ತದೆ. ಓದುವವರಿಗೆ ‘ಇದು ಯುಟಿಎಫ್-8’ ಎಂದು ಗೊತ್ತಿದ್ದರೆ ಮೂರನ್ನೂ ಸೇರಿಸಿ ‘ಕ’ ಎಂದು ಓದುತ್ತಾರೆ. ಬೇರೆ ಪದ್ಧತಿ ಎಂದು ಹೇಳಿದರೆ ಮೂರನ್ನೂ ಬಿಡಿಬಿಡಿಯಾಗಿ ಓದುತ್ತಾರೆ. ಆಗ ‘ಕ’ ಅಕ್ಷರವು ಗೀಟು ಹಾಕಿದ ‘ಎ’, ಪುಟ್ಟ ಎರಡು, ಒಂದು ಚುಕ್ಕೆ ಎಂದು ಮೂರಾಗಿ ಕಾಣುತ್ತದೆ.

ವಿಡಿಯೊ ನೋಡಿ ಸೇರಿಸಿದ ಸಾಲುಗಳಲ್ಲಿ ‘ಆ್ಯಡ್‌ಡೀಫಾಲ್ಟ್‌ಚಾರ್‌ಸೆಟ್’ ಎಂಬುದೊಂದಿತ್ತು. ಅದರ ಮುಂದೆ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಪದ್ಧತಿಯ ಹೆಸರು. ನಮ್ಮ ಪುಟಗಳ ಒಳಗೆ ಯುಟಿಎಫ್-8 ಎಂದು ಬರೆದೇ ಇತ್ತು. ಆದರೆ ಸರ್ವರ್ ಹೇಳಿದ್ದಕ್ಕೆ ಬ್ರೌಸರ್ ಹೆಚ್ಚು ಬೆಲೆ ಕೊಡುತ್ತದೆ. ಚೀಟಿಯಲ್ಲಿ ಏನಿದ್ದರೂ ಕೌಂಟರಿನವರ ಮಾತೇ ನಡೆಯಿತು ಎನ್ನುವ ಹಾಗೆ. ಆ ಒಂದು ಸಾಲು ತೆಗೆದು ರೀಲೋಡ್ ಮಾಡಿದೆವು. ಹಿರಿಯರ ಕಣ್ಣೆದುರೇ ಕನ್ನಡ ಮೂಡಿ ಬಂತು. ಫೈಲಿನಲ್ಲಿ ಒಂದು ಅಕ್ಷರವೂ ಕೆಟ್ಟಿರಲಿಲ್ಲ.

ಪುಟಗಳು ಹೀಗೆ ಕಂಡಾಗ ದಯವಿಟ್ಟು ಅವನ್ನು ತೆರೆದು ತಿದ್ದಿ ಸೇವ್ ಮಾಡಲು ಹೋಗಬೇಡಿ. ಕಣ್ಣಿಗೆ ಮಾತ್ರ ಕೆಟ್ಟಿದ್ದ ಬರಹ ಆಗ ನಿಜವಾಗಿಯೂ ಕೆಡಬಹುದು.

ಡೀಫಾಲ್ಟ್ ಮುಟ್ಟದ ಜಾಗಗಳು

ಪರ್ಜ್ ಮಾಡಿದರೂ ಬದಲಾಗದ ಸಂಗತಿಗಳಿವೆ. ಪುಟಗಳ ಫೋಲ್ಡರಿನಲ್ಲಿರುವ ಡಾಟ್ ಎಚ್‌ಟಿಆ್ಯಕ್ಸೆಸ್ ಹಾಗೇ ಇರುತ್ತದೆ. ಅದನ್ನು ಓದಲು ಸರ್ವರ್‌ಗೆ ಬಿಟ್ಟಿದ್ದರೆ, ಪ್ರತಿ ಸಲ ಪುಟ ಕೇಳಿದಾಗಲೂ ಓದುತ್ತದೆ. ಅದರಲ್ಲಿನ ತಪ್ಪು ಶನಿವಾರದ ತನಕ ಕಾಯುವುದಿಲ್ಲ, ಕೂಡಲೇ ಕಾಣುತ್ತದೆ. ಫೈಲ್‌ಗಳ ಅನುಮತಿಯೂ ಹಾಗೇ ಇರುತ್ತದೆ. 403 ಬಂತೆಂದು ಎಲ್ಲಕ್ಕೂ 777 ಕೊಡುವವರಿದ್ದಾರೆ. ಆ ಕಂಪ್ಯೂಟರಿನಲ್ಲಿರುವ ಯಾವ ಬಳಕೆದಾರನಾದರೂ, ಯಾವ ತಂತ್ರಾಂಶವಾದರೂ ನಿಮ್ಮ ಪುಟ ತಿದ್ದಬಹುದು ಎಂದು ಅದರ ಅರ್ಥ. ಫೋಲ್ಡರಿಗೆ 755, ಫೈಲಿಗೆ 644 ಸಾಮಾನ್ಯವಾಗಿ ಸಾಕು. ಫೈರ್‌ವಾಲ್ ಕೂಡ ಬೇರೆ. ಅಲ್ಲಿ 80, 443 ತೆರೆದಿವೆಯೇ ನೋಡಿ.

ಇನ್ನು ಬ್ರೌಸರ್. ತಪ್ಪು ಸೆಟ್ಟಿಂಗ್ ಇದ್ದಾಗ ‘ಈ ಪುಟ ಶಾಶ್ವತವಾಗಿ ಬೇರೆ ಕಡೆ ಹೋಗಿದೆ’ ಎಂದು ಸರ್ವರ್ ಹೇಳಿದ್ದರೆ, ಅಂದರೆ 301, ಬ್ರೌಸರ್ ಅದನ್ನು ನೆನಪಿಟ್ಟುಕೊಂಡಿರುತ್ತದೆ. ಸರ್ವರ್ ಸರಿಯಾದರೂ ನಿಮ್ಮ ಬ್ರೌಸರ್ ಮಾತ್ರ ಹಳೆಯ ದಾರಿಯಲ್ಲೇ ಹೋಗುತ್ತದೆ. ಪ್ರೈವೇಟ್ ಕಿಟಕಿಯಲ್ಲಿ ಅಥವಾ ಪಕ್ಕದವರ ಫೋನಿನಲ್ಲಿ ತೆರೆದು ನೋಡಿ.

ನಮ್ಮ ಕೆಲಸ ಮುಗಿದಾಗ ರಾತ್ರಿ ಹನ್ನೊಂದೂಕಾಲು. ಸರಿಯಾದ ಸೆಟ್ಟಿಂಗ್ ಫೋಲ್ಡರಿಗೆ ಆ ದಿನದ ತಾರೀಕು ಹಾಕಿ ಪೆನ್‌ಡ್ರೈವಿಗೆ ನಕಲು ಮಾಡಿದ್ದು ಅದೇ ಹುಡುಗ. ಹೊರಡುವ ಮುಂಚೆ ಇನ್ನೊಂದು ಕೆಲಸ ಉಳಿದಿತ್ತು. ಸೈಟ್ ಬಿದ್ದಿದ್ದು ಕರೆಂಟ್ ಹೋಗಿ ಬಂದಾಗ ತಾನೇ? ಹುಡುಗನ ಕೈಯಲ್ಲೇ ಕಂಪ್ಯೂಟರನ್ನು ಶಟ್‌ಡೌನ್ ಮಾಡಿಸಿ, ಒಂದು ನಿಮಿಷ ಬಿಟ್ಟು ಆನ್ ಮಾಡಿಸಿದೆವು. ಕೀಬೋರ್ಡ್ ಮುಟ್ಟದೆ ಕಾದೆವು. ಮೊದಲು ಹಿರಿಯರ ಫೋನಿನಲ್ಲಿ ಪುಟ ತೆರೆಯಿತು, ಕನ್ನಡದಲ್ಲೇ.